ಮೂರು ಆ್ಯಪ್, ಒಂದು ವಾಯ್ಸ್ ಮೆಸೇಜ್

ಬುಧವಾರ ರಾತ್ರಿ ಹತ್ತೂವರೆ. ಪ್ರೊಡಕ್ಷನ್ ರಿಲೀಸ್ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ತಲೆ ಸಿಡಿಯೋ ಹಾಗೆ ನೋಯ್ತಿತ್ತು. ಹಿಂದಿನ ದಿನವೂ ಹಾಗೇ ಆಗಿತ್ತು. ನಾನಾಗ 34 ವಾರದ ಗರ್ಭಿಣಿ. ಇಂಥ ಹೊತ್ತಲ್ಲಿ ನಮ್ಮ ವಯಸ್ಸಿನವರು ಏನು ಮಾಡ್ತೀವೋ ನಾನೂ ಅದನ್ನೇ ಮಾಡಿದೆ. ಫೋನ್ ಕೈಗೆತ್ತಿಕೊಂಡೆ.

ನನ್ನ ಫೋನಲ್ಲಿ ಗರ್ಭಿಣಿಯರಿಗಾಗಿಯೇ ಮಾಡಿದ ಮೂರು ಆ್ಯಪ್ ಇದ್ದವು. ಒಂದು ಪ್ರತಿ ವಾರ ಮಗು ಯಾವ ಹಣ್ಣಿನಷ್ಟು ದೊಡ್ಡದಾಗಿದೆ ಅಂತ ಹೇಳ್ತಿತ್ತು. ಒಂದು ವಾರ ಬಟರ್‌ನಟ್ ಸ್ಕ್ವಾಶ್ ಅಂದಾಗ ತುಮಕೂರಿನಿಂದ ಅಮ್ಮ ಫೋನಲ್ಲಿ ಕೇಳಿದ್ದರು, 'ಅದೇನೇ ಅದು, ಕುಂಬಳಕಾಯಾ?' ಅಂತ. ಎರಡನೆಯದು ಕುಡಿದ ನೀರು, ನಡೆದ ಹೆಜ್ಜೆ ಲೆಕ್ಕ ಇಡ್ತಿತ್ತು. ಮೂರನೆಯದರಲ್ಲಿ ದಿನಾ ನನ್ನ ಲಕ್ಷಣಗಳನ್ನು ದಾಖಲಿಸ್ತಿದ್ದೆ.

ತಲೆನೋವು ಅಂತ ಹುಡುಕಿದೆ. ಗರ್ಭಿಣಿಯರಲ್ಲಿ ತಲೆನೋವು ಸಾಮಾನ್ಯ, ನೀರು ಕುಡಿಯಿರಿ, ವಿಶ್ರಾಂತಿ ತಗೊಳ್ಳಿ ಅನ್ನೋ ಅರ್ಥದ ಇಂಗ್ಲಿಷ್ ಬರಹ ಬಂತು. ಅದರ ಕೊನೆಯಲ್ಲಿ ಯಾವಾಗ ಡಾಕ್ಟರ್ ಹತ್ತಿರ ಓಡಬೇಕು ಅನ್ನೋದೂ ಇತ್ತು. ಅದನ್ನು ನಾನು ಓದಿದ್ದು ಆಮೇಲೆ, ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿಕೊಂಡು. ಆ ರಾತ್ರಿ ಮೊದಲ ಎರಡು ಸಾಲು ಓದಿ ಸಮಾಧಾನ ಮಾಡಿಕೊಂಡೆ. ಮೂರನೇ ಆ್ಯಪ್‌ನಲ್ಲಿ 'ತಲೆನೋವು' ಅನ್ನೋ ಚಿತ್ರ ಒತ್ತಿದೆ. ಹಸಿರು ಟಿಕ್ ಬಂತು. ಸತತವಾಗಿ ದಾಖಲಿಸ್ತಿದ್ದೀರಿ ಅಂತ ಶಹಬ್ಬಾಸ್‌ಗಿರಿಯೂ ಬಂತು. ಮಲಗಿಬಿಟ್ಟೆ.

ಇದು ಆ್ಯಪ್‌ಗಳನ್ನು ಬೈಯೋಕೆ ಬರೆದ ಲೇಖನ ಅಲ್ಲ. ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯೋಳು ನಾನು. ಆದರೆ ನನಗೆ ಬೇಕಿದ್ದ ಒಂದು ಮಾತು ಮೂರು ಆ್ಯಪ್ ದಾಟಿ, ಬೇರೆ ದಾರಿಯಿಂದ ಹೇಗೆ ಬಂತು ಅನ್ನೋದನ್ನು ಹೇಳಲೇಬೇಕು.

ಎದುರು ಸೈಟಿನವಳು

ನಮ್ಮದು ಯಲಹಂಕ ನ್ಯೂಟೌನ್ ಹತ್ತಿರ ಬಾಡಿಗೆ ಮನೆ. ಗಂಡ ಹೆಬ್ಬಾಳದ ಕಡೆ ಟೆಕ್ ಪಾರ್ಕ್‌ನಲ್ಲಿ ಕೆಲಸ. ನನಗೆ ಏಳನೇ ತಿಂಗಳಿಂದ ವರ್ಕ್ ಫ್ರಮ್ ಹೋಮ್. ಎದುರಿನ ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಏಳ್ತಿತ್ತು. ಅದರ ಕಾವಲಿಗೆ, ಕ್ಯೂರಿಂಗ್ ನೀರು ಹಾಕೋಕೆ ಒಂದು ಗಂಡ ಹೆಂಡತಿ ತಗಡಿನ ಶೆಡ್‌ನಲ್ಲಿದ್ದರು. ಯಾದಗಿರಿ ಜಿಲ್ಲೆ, ಶಹಾಪುರದ ಹತ್ತಿರದ ಒಂದು ಹಳ್ಳಿಯವರು. ಅವಳಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಅವಳಿಗೂ ಆರನೇ ತಿಂಗಳು. ದಿನಾ ಬೆಳಗ್ಗೆ ಕುಡಿಯೋ ನೀರಿಗೆ ನಮ್ಮ ಮನೆಗೆ ಕೊಡ ತರ್ತಿದ್ದಳು. ಹೆಸರು ಬರೆಯಲ್ಲ, ಅವಳಿಗೆ ಇಷ್ಟ ಇಲ್ಲ.

ಗುರುವಾರ ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಅವಳು ಕೊಡ ಕೆಳಗಿಟ್ಟಳು.

'ಅಕ್ಕಾರ, ಮಾರಿ ಯಾಕ ಬಾತಾದ್ರೀ?'

ಸೀಮಂತಕ್ಕೆ ಹಾಕಿದ ಬಳೆ ಬಿಗಿಯಾಗಿದ್ದು ನನಗೂ ಗೊತ್ತಿತ್ತು. ಬಸುರಿಗೆ ಕಾಲು ಬಾವು ಬರೋದು ಮಾಮೂಲು ಕಣಮ್ಮ ಅಂದೆ.

'ಕಾಲಿಗಿ ಬಂದ್ರ ಬರ್ಲಿ ರೀ, ಮಾರಿಗಿ ಬರಬಾರ್ದ್ರೀ. ಕಾಲುಂಗ್ರ ನೋಡ್ರಿ, ಹೆಂಗ ಕಚ್ಚಿ ಹಿಡದಾದ. ತಲಿ ನೋಯ್ತದೇನು? ಕಣ್ಣು ಮಂಜ್ ಮಂಜ್ ಆಗ್ತಾವೇನು?'

ತಲೆನೋವು ಎರಡು ದಿನದಿಂದ ಇದೆ ಅಂದೆ. ಕಣ್ಣಿನ ಬಗ್ಗೆ ಏನೂ ಹೇಳಲಿಲ್ಲ. ಹಿಂದಿನ ರಾತ್ರಿ ಸ್ಕ್ರೀನ್ ಮೇಲೆ ಮಿಣುಕು ಚುಕ್ಕಿ ಕಂಡಿದ್ದವು, ಹೆಚ್ಚು ಹೊತ್ತು ಲ್ಯಾಪ್‌ಟಾಪ್ ನೋಡಿದ್ದಕ್ಕೆ ಅಂದುಕೊಂಡಿದ್ದೆ.

'ನಮ್ ಆಶಾ ಅಕ್ಕೋರು ಮೊಬೈಲ್ದಾಗ ಹೇಳ್ಯಾರ್ರೀ. ಮಾರಿ ಕೈ ಬಾತು, ತಲಿ ನೋಯ್ದು, ಕಣ್ಣು ಮಂಜಾದ್ರ ಅವತ್ತೇ ದವಾಖಾನಿಗಿ ಹೋಗಬೇಕಂತ. ನಾಳಿ ಅನ್ನಂಗಿಲ್ಲಂತ.'

ಅವಳ 'ನಾಳಿ ಅನ್ನಂಗಿಲ್ಲಂತ' ಅನ್ನೋ ಮಾತು ನಾಟಿತು. ಯಾಕಂದರೆ ನಾನು ನಾಳೆ ಅಂದುಬಿಟ್ಟಿದ್ದೆ. ಆ ವಾರದ ಚೆಕಪ್ ಅಪಾಯಿಂಟ್‌ಮೆಂಟನ್ನು ರಿಲೀಸ್ ಇದೆ ಅಂತ ಮುಂದಿನ ವಾರಕ್ಕೆ ತಳ್ಳಿದ್ದು ನಾನೇ.

ಆಸ್ಪತ್ರೆಗೆ ಹೋದೆವು. ಬಿಪಿ 152/98. ಹತ್ತು ದಿನದ ಹಿಂದೆ ಇದೇ ಬಿಪಿ ಸರಿಯಾಗಿತ್ತು. ಮೂತ್ರದಲ್ಲಿ ಪ್ರೋಟೀನ್ ಇತ್ತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರೂ ಕಮ್ಮಿಯಾಗಲಿಲ್ಲ. ಅಲ್ಲೇ ಅಡ್ಮಿಟ್ ಮಾಡಿಕೊಂಡರು. ನಾಳೆ ಬಂದಿದ್ದರೆ ಏನಾಗ್ತಿತ್ತು ಅಂತ ಡಾಕ್ಟರನ್ನು ಕೇಳಿದೆ. 'ಹೇಳೋಕಾಗಲ್ಲ. ಇವತ್ತು ಬಂದಿದ್ದು ಒಳ್ಳೇದಾಯ್ತು' ಅಂದರು. ಅಷ್ಟೇ.

ಮಾತ್ರೆ, ದಿನಕ್ಕೆ ನಾಲ್ಕು ಸಲ ಬಿಪಿ, ರಕ್ತಪರೀಕ್ಷೆ, ಮಗುವಿನ ಎದೆಬಡಿತ ನೋಡೋದು. ಹೀಗೆ ಇನ್ನು ಮೂರು ವಾರ ಕಳೆಯಿತು. 37ನೇ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗಳು, 2.4 ಕೆಜಿ. ಈಗ ಐದು ತಿಂಗಳು. ಇದನ್ನು ಟೈಪ್ ಮಾಡ್ತಿರೋವಾಗ ಪಕ್ಕದಲ್ಲಿ ಮಲಗಿ ತನ್ನ ಕಾಲ್ಬೆರಳು ಚೀಪೋಕೆ ನೋಡ್ತಿದ್ದಾಳೆ.

ಏನಿದು ಕಾಯಿಲೆ?

ಡಾಕ್ಟರುಗಳು ಇದನ್ನು ಪ್ರಿ-ಎಕ್ಲಾಂಪ್ಸಿಯಾ ಅಂತಾರೆ. ನಮ್ಮ ಜನ 'ಬಸಿರಿನ ಬಿಪಿ' ಅಂತಾರೆ. 20 ವಾರ ಕಳೆದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಹೆಚ್ಚಾಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಬಂದರೆ, ಇಲ್ಲವೇ ಕಿಡ್ನಿ, ಲಿವರ್, ಮೆದುಳಿನ ಮೇಲೆ ಪರಿಣಾಮ ಕಂಡರೆ ಇದು ಅಂತ ಗುರುತಿಸ್ತಾರೆ. ಬೇರು ಇರೋದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಅದಕ್ಕೇ ಪೂರ್ತಿ ಗುಣವಾಗಬೇಕಾದರೆ ಹೆರಿಗೆಯೇ ಆಗಬೇಕು. 160/110 ದಾಟಿದರೆ ತುರ್ತು. ಹಾಗೇ ಬಿಟ್ಟರೆ ಫಿಟ್ಸ್ ಬರಬಹುದು. ತಾಯಿ ಮಗು ಇಬ್ಬರಿಗೂ ಅಪಾಯ.

ಇದರ ಕೆಟ್ಟ ಗುಣ ಅಂದರೆ ಶುರುವಿನಲ್ಲಿ ಏನೂ ಗೊತ್ತಾಗಲ್ಲ. ಬರೀ ಬಿಪಿ ಏರಿರುತ್ತೆ, ನೀವು ಆರಾಮಾಗಿ ಓಡಾಡಿಕೊಂಡಿರ್ತೀರಿ. ಆಮೇಲೆ ಬರೋ ಲಕ್ಷಣಗಳೋ, ಎಲ್ಲವೂ ಬಸಿರಿನ ಮಾಮೂಲಿ ಕಷ್ಟಗಳ ಥರಾನೇ ಇರ್ತವೆ. ಬಿಡದ ತಲೆನೋವು, ಮುಖ ಕೈ ಊತ, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ವಾಂತಿ. ಇವುಗಳಲ್ಲಿ ಒಂದು ಬಂದರೂ ಬಿಪಿ ನೋಡಿಸಬೇಕು. ನಾನು ಮೂರು ಲಕ್ಷಣ ಹೊತ್ತುಕೊಂಡು ಕೂತಿದ್ದೆ.

ಕರ್ನಾಟಕದಲ್ಲಿ ಹೆರಿಗೆ ಈಗ ಮೊದಲಿಗಿಂತ ಸುರಕ್ಷಿತ. ಆದರೂ ಕೇಂದ್ರ ಸರ್ಕಾರದ ಸ್ಯಾಂಪಲ್ ರಿಜಿಸ್ಟ್ರೇಷನ್ ಲೆಕ್ಕದ ಪ್ರಕಾರ 2018-20ರಲ್ಲಿ ನಮ್ಮಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡಿದ್ದರು. ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ಬಿಪಿ, ರಕ್ತಸ್ರಾವ, ನಂಜು, ಇವೇ ಎಲ್ಲ ಕಡೆಯೂ ದೊಡ್ಡ ಕಾರಣಗಳು. ಇವುಗಳಲ್ಲಿ ಬಹಳಷ್ಟನ್ನು ಹೊತ್ತಿಗೆ ಸರಿಯಾಗಿ ಗುರುತಿಸಿದರೆ ತಡೆಯಬಹುದು.

ಆ ಮೆಸೇಜ್ ಬಂದಿದ್ದೆಲ್ಲಿಂದ?

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳನ್ನು ಕೇಳಿದೆ, ಮೊಬೈಲಲ್ಲಿ ಹೇಳ್ಯಾರ ಅಂದೆಯಲ್ಲ, ಏನದು ತೋರಿಸು ಅಂತ. ಅವಳ ಹತ್ತಿರ ಫೋನೇ ಇಲ್ಲ. ಫೋನ್ ಗಂಡನದು. ನಮ್ಮ ಏರಿಯಾದ ಆಶಾ ಕಾರ್ಯಕರ್ತೆ ಗರ್ಭಿಣಿಯರಿಗೆ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸ್ತಾರೆ. ಒಂದೊಂದೂ ಒಂದು ನಿಮಿಷದ ಒಳಗೆ. ಗಂಡ ರಾತ್ರಿ ರೊಟ್ಟಿ ತಿನ್ನೋವಾಗ ಅದನ್ನು ಸ್ಪೀಕರ್‌ನಲ್ಲಿ ಹಾಕ್ತಾನೆ, ಇಬ್ಬರೂ ಕೇಳ್ತಾರೆ.

ಆ ಮೆಸೇಜ್ ನಾನೂ ಕೇಳಿದೆ. ಹಿಂದೆ ಕುಕ್ಕರ್ ಕೂಗ್ತಿದೆ. 'ನೋಡಿ ಅಮ್ಮಂದಿರೇ, ಮೂರು ಮಾತು ನೆನಪಿಟ್ಕೊಳ್ಳಿ' ಅಂತ ಶುರು. ಮುಖ ಕೈ ಊತ, ತಲೆನೋವು, ಕಣ್ಣು ಮಂಜು. ಕೊನೆಗೆ, 'ನಾಳೆ ಅನ್ನಬೇಡಿ. ನಂಗೆ ಫೋನ್ ಮಾಡಿ, ನಾನು ಬರ್ತೀನಿ.' ಅಷ್ಟೇ. ಹಣ್ಣಿನ ಚಿತ್ರ ಇಲ್ಲ, ಹಸಿರು ಟಿಕ್ ಇಲ್ಲ.

ಆಫೀಸಲ್ಲಿ ನಾವು ಪ್ರಾಡಕ್ಟ್ ರಿವ್ಯೂ ಮಾಡೋ ಹಾಗೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆ್ಯಪ್‌ನಲ್ಲಿ ನೂರಾರು ಪುಟ ಮಾಹಿತಿ, ಅಪಾಯದ ಲಕ್ಷಣ ಪುಟದ ತಳದಲ್ಲಿ. ಮೆಸೇಜಲ್ಲಿ ಮೂರೇ ಲಕ್ಷಣ, ಅದೇ ಮೊದಲು. ಆ್ಯಪ್‌ಗೆ ನಾನು ದಿನಾ ತೆರೆಯಬೇಕು, ಅದೇ ಅದರ ಲೆಕ್ಕ. ದಿನಾ ತೆರೆಯಬೇಕಾದರೆ ಹಿತವಾದ ಮಾತಾಡಬೇಕು, ಹೆದರಿಸಬಾರದು. ಮೆಸೇಜ್ ಕಳಿಸಿದಾಕೆಗೆ ಬೇಕಿದ್ದು ಕೇಳಿದವಳು ಎದ್ದು ಹೋಗೋದು. ಮುಖ್ಯವಾಗಿ, ನಾನು ತಲೆನೋವು ಅಂತ ಒತ್ತಿದಾಗ ಆ ಕಡೆ ನೋಡೋರು ಯಾರೂ ಇರಲಿಲ್ಲ. ಮೆಸೇಜಿನ ಆ ಕಡೆ ಒಬ್ಬ ಹೆಂಗಸಿದ್ದರು.

ಮೊಬೈಲ್ ಪಾಠ ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ?

ಬಾಣಂತನದ ನಿದ್ದೆಯಿಲ್ಲದ ರಾತ್ರಿಗಳಲ್ಲಿ, ಮಗುಗೆ ಹಾಲು ಕೊಡ್ತಾ ಒಂದೇ ಕೈಯಲ್ಲಿ ಫೋನ್ ಹಿಡಿದು ಇದರ ಬಗ್ಗೆ ಓದ್ತಾ ಹೋದೆ.

ನಮ್ಮ ದೇಶದ ಈ ಬಗೆಯ ದೊಡ್ಡ ಪ್ರಯತ್ನ 'ಕಿಲ್ಕಾರಿ'. ಬಿಬಿಸಿ ಮೀಡಿಯಾ ಆ್ಯಕ್ಷನ್ ಸಂಸ್ಥೆ ಬಿಹಾರದಲ್ಲಿ ಶುರು ಮಾಡಿದ್ದನ್ನು ಕೇಂದ್ರ ಆರೋಗ್ಯ ಸಚಿವಾಲಯ 2016ರ ಜನವರಿಯಲ್ಲಿ ತನ್ನ ಕಾರ್ಯಕ್ರಮವಾಗಿ ತಂದಿತು. ಗರ್ಭಿಣಿಯ ನೋಂದಾಯಿತ ನಂಬರಿಗೆ ನಾಲ್ಕನೇ ತಿಂಗಳಿಂದ ಮಗುವಿಗೆ ಒಂದು ವರ್ಷ ತುಂಬೋವರೆಗೂ ವಾರಕ್ಕೊಂದು ಕಾಲ್, ಒಟ್ಟು 72. 'ಡಾಕ್ಟರ್ ಅನಿತಾ' ಅನ್ನೋ ಕಾಲ್ಪನಿಕ ವೈದ್ಯೆಯ ದನಿ. ಸ್ಮಾರ್ಟ್‌ಫೋನ್ ಬೇಡ, ಓದು ಬರಬೇಕಿಲ್ಲ, ದುಡ್ಡೂ ಬೇಡ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅನ್ನಿಸಿತು.

ಆದರೆ ಮಧ್ಯಪ್ರದೇಶದ ನಾಲ್ಕು ಜಿಲ್ಲೆಗಳಲ್ಲಿ 5,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ಇದರ ಪರಿಣಾಮ ಅಳೆದಾಗ ಫಲಿತಾಂಶ ಮಿಶ್ರವಾಗಿತ್ತು. ಗರ್ಭನಿರೋಧಕ ಬಳಕೆ ಸ್ವಲ್ಪ ಹೆಚ್ಚಾಗಿತ್ತು. ಆರು ತಿಂಗಳು ಬರೀ ಎದೆಹಾಲು ಕೊಡೋದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೇಳಿದ್ದೆಲ್ಲ ಮಾಡೋಕಾಗುತ್ತಾ? ಮನೆಯಲ್ಲಿ ಅತ್ತೆ 'ಮೊದಲು ಜೇನುತುಪ್ಪ ನೆಕ್ಕಿಸು' ಅಂದರೆ ಫೋನಿನ ದನಿ ಏನು ಮಾಡೀತು?

ಇನ್ನೊಂದು ಪ್ರಶ್ನೆ, ಫೋನ್ ಯಾರ ಕೈಲಿದೆ ಅನ್ನೋದು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ತಾವೇ ಬಳಸೋ ಮೊಬೈಲ್ ಇದ್ದ ಮಹಿಳೆಯರು ನೂರಕ್ಕೆ ಸುಮಾರು 62. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ನೂರಕ್ಕೆ 35 ಮಾತ್ರ, ಗಂಡಸರಲ್ಲಿ ಅದು 62. ಈಗ ಹೆಚ್ಚಾಗಿರಬಹುದು. ಆದರೂ ನಮ್ಮ ಎದುರು ಮನೆಯವಳ ಹಾಗೆ ಫೋನ್ ಗಂಡನ ಜೇಬಿನಲ್ಲಿರೋ ಮನೆಗಳು ಇವತ್ತಿಗೂ ಇವೆ. ಇವಳ ಗಂಡ ಸ್ಪೀಕರ್ ಹಾಕಿದ. ಎಲ್ಲರೂ ಹಾಕ್ತಾರಾ?

ಎಂಜಿನಿಯರ್ ಆಗಿ ನನಗೆ ತುಂಬಾ ಹಿಡಿಸಿದ್ದು ಮುಂಬೈನ ಒಂದು ಕೆಲಸ. ಡಾ. ಅಪರ್ಣಾ ಹೆಗ್ಡೆ ಕಟ್ಟಿದ 'ಅರ್ಮಾನ್' ಸಂಸ್ಥೆ 'ಎಂಮಿತ್ರ' ಅನ್ನೋ ಇಂಥದ್ದೇ ವಾಯ್ಸ್ ಕಾಲ್ ಸೇವೆ ನಡೆಸುತ್ತೆ. ಕೆಲವು ವಾರ ಆದ ಮೇಲೆ ಬಹಳ ಹೆಂಗಸರು ಕಾಲ್ ಎತ್ತೋದು ಬಿಟ್ಟುಬಿಡ್ತಿದ್ದರು. ಎಲ್ಲರಿಗೂ ಫೋನ್ ಮಾಡಿ ವಿಚಾರಿಸುವಷ್ಟು ಸಿಬ್ಬಂದಿ ಇಲ್ಲ. ಆಗ ಗೂಗಲ್‌ನ ಸಂಶೋಧಕರ ಜೊತೆ ಸೇರಿ, ಯಾರು ಕೈಬಿಡೋ ಹಾಗಿದ್ದಾರೆ, ಯಾರಿಗೆ ಮಾತಾಡಿದರೆ ಉಪಯೋಗ ಆಗುತ್ತೆ ಅಂತ ಲೆಕ್ಕ ಹಾಕೋ ಎಐ ಮಾಡಿದರು. ಸುಮಾರು 23,000 ಮಹಿಳೆಯರಲ್ಲಿ ಪರೀಕ್ಷಿಸಿದಾಗ, ಕೇಳೋದು ಬಿಡೋ ಪ್ರಮಾಣ ಶೇ 30ರಷ್ಟು ಕಮ್ಮಿಯಾಯಿತು. ಗಮನಿಸಿ, ಎಐ ಇಲ್ಲಿ ಬಸುರಿಗೆ ಬುದ್ಧಿ ಹೇಳಲಿಲ್ಲ. ಯಾವ ಬಸುರಿಗೆ ಮನುಷ್ಯರು ಫೋನ್ ಮಾಡಬೇಕು ಅಂತ ಮನುಷ್ಯರಿಗೇ ಹೇಳಿತು.

ಬೆಳಗಾವಿ, ಬಾಗಲಕೋಟೆಯ ಪಾಠ

ನನ್ನ ಕಾಯಿಲೆಗೇ ಸಂಬಂಧಿಸಿದ ಒಂದು ದೊಡ್ಡ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿತ್ತು ಅಂತ ಗೊತ್ತಾದಾಗ ಆಶ್ಚರ್ಯ ಆಯ್ತು. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಸೇರಿ ಮಾಡಿದ್ದು. ಹೆಸರು 'ಕ್ಲಿಪ್'. ಪಾಕಿಸ್ತಾನದ ಸಿಂಧ್ ಮತ್ತು ಮೊಜಾಂಬಿಕ್‌ನಲ್ಲೂ ಇದೇ ಪ್ರಯೋಗ ನಡೆಯಿತು.

ಅಲ್ಲಿ ಆ್ಯಪ್ ಇದ್ದಿದ್ದು ಬಸುರಿಯ ಕೈಯಲ್ಲಲ್ಲ, ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿ. ಆಶಾ ಮತ್ತು ಎಎನ್‌ಎಂ ಮನೆಗೆ ಹೋಗಿ ಬಿಪಿ ನೋಡೋದು, ಲಕ್ಷಣ ಕೇಳೋದು, ಆ್ಯಪ್‌ನಲ್ಲಿ ಹಾಕೋದು. ಅಪಾಯ ಎಷ್ಟು ಅಂತ ಅದು ಲೆಕ್ಕ ಹಾಕಿ ಹೇಳುತ್ತೆ. ಬೇಕಾದರೆ ಅಲ್ಲೇ ಬಿಪಿ ಮಾತ್ರೆ, ಫಿಟ್ಸ್ ತಡೆಯೋ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸೋದು.

2020ರಲ್ಲಿ ಒಟ್ಟು ಫಲಿತಾಂಶ ಬಂತು. ಮೂರೂ ದೇಶ ಸೇರಿಸಿ ನೋಡಿದರೆ ಸಾವು ಮತ್ತು ತೀವ್ರ ತೊಂದರೆ ಕಮ್ಮಿಯಾಗಿರಲಿಲ್ಲ. ಆದರೆ ಎಂಟು ಅಥವಾ ಹೆಚ್ಚು ಸಲ ಕಾರ್ಯಕರ್ತೆಯ ಭೇಟಿ ಸಿಕ್ಕ ಗರ್ಭಿಣಿಯರಲ್ಲಿ ಹೊಟ್ಟೆಯಲ್ಲೇ ಮಗು ಸಾಯೋದು ಕಮ್ಮಿ ಇತ್ತು. ಎಂಟು ಅನ್ನೋದು ಹೊಸ ಸಂಖ್ಯೆ ಅಲ್ಲ. ಗರ್ಭಿಣಿಗೆ ಕನಿಷ್ಠ ಎಂಟು ಸಲ ತಪಾಸಣೆ ಆಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ.

ನನಗೆ ಅರ್ಥವಾಗಿದ್ದು ಇಷ್ಟು. ಆ್ಯಪ್ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಆಮೇಲಿನ ಮಾತು. ಅದರಿಂದಾಗಿ ಎಷ್ಟು ಸಲ ಒಬ್ಬರು ನಿಮ್ಮ ತೋಳಿಗೆ ಬಿಪಿ ಪಟ್ಟಿ ಕಟ್ಟಿದರು ಅನ್ನೋದು ಮೊದಲು.

ಫೋನಲ್ಲಿ ಇದನ್ನೆಲ್ಲ ಮಾಡಿ

ಹಾಗಂತ ಫೋನ್ ಮೂಲೆಗೆ ಎಸೀರಿ ಅಂತ ಹೇಳ್ತಿಲ್ಲ. ನಿಮ್ಮಲ್ಲಿ, ನಿಮ್ಮ ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಇವತ್ತೇ ಮಾಡಬಹುದಾದ ಕೆಲವು ಕೆಲಸ ಹೇಳ್ತೀನಿ. ಇದರಲ್ಲಿ ಯಾವುದೂ ಡಾಕ್ಟರಿಗೆ ಬದಲಿ ಅಲ್ಲ.

ಮೊದಲು ನಂಬರ್‌ಗಳು. 108 ಆಂಬುಲೆನ್ಸ್, 104 ಆರೋಗ್ಯ ಸಹಾಯವಾಣಿ. ಮನಸ್ಸಿಗೆ ಕಷ್ಟ ಆದರೆ ಟೆಲಿ ಮಾನಸ್‌ನ 14416, ಕನ್ನಡದಲ್ಲೂ ಮಾತಾಡಬಹುದು. ಬಸಿರು ಬಾಣಂತನದ ಮಂಕು, ಅಳು, ನಿದ್ದೆಗೇಡು ಕೂಡ ಆರೋಗ್ಯದ ವಿಷಯವೇ. ಇವುಗಳ ಜೊತೆ ನಿಮ್ಮ ಏರಿಯಾದ ಆಶಾ ಕಾರ್ಯಕರ್ತೆಯ ನಂಬರ್. ಹತ್ತಿರದ ನಮ್ಮ ಕ್ಲಿನಿಕ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ಸಿಗುತ್ತೆ. ಖಾಸಗಿ ಆಸ್ಪತ್ರೆಗೆ ಹೋಗೋರಿಗೂ ಅವರು ಬೇಕು. ನನಗೆ ನಮ್ಮ ಆಶಾ ಯಾರು ಅಂತ ಎಂಟನೇ ತಿಂಗಳವರೆಗೂ ಗೊತ್ತೇ ಇರಲಿಲ್ಲ.

ಎರಡು, ತಾಯಿ ಕಾರ್ಡ್ ಮಾಡಿಸಿ, ಪ್ರತಿ ಚೆಕಪ್ ಆದ ಮೇಲೆ ಅದರ ಫೋಟೋ ತೆಗೆದು ಗಂಡ, ಅಮ್ಮ ಇಬ್ಬರಿಗೂ ಕಳಿಸಿ. ಬಿಪಿ, ತೂಕ, ಹಿಮೋಗ್ಲೋಬಿನ್ ಪುಟ ಕಾಣೋ ಹಾಗೆ. ರಾತ್ರಿ ಎರಡು ಗಂಟೆಗೆ ಬೇರೆ ಆಸ್ಪತ್ರೆಗೆ ಓಡಬೇಕಾದರೆ ಅಲ್ಲಿನ ಡಾಕ್ಟರ್ ಮೊದಲು ಕೇಳೋದು ಅದನ್ನೇ.

ಮೂರು, ಕಬ್ಬಿಣಾಂಶದ ಮಾತ್ರೆಗೆ ಅಲಾರಂ. ಅದೇ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ನಾಲ್ಕನೇ ತಿಂಗಳಿಂದ ಕನಿಷ್ಠ 180 ದಿನ, ದಿನಕ್ಕೊಂದು ಮಾತ್ರೆ ಅನ್ನೋದು ಸರ್ಕಾರಿ ನಿಯಮ. ಕಾಫಿ ಟೀ ಜೊತೆ ಬೇಡ, ನಿಂಬೆ ಪಾನಕದ ಜೊತೆ ಆಗಬಹುದು. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತಗೊಳ್ಳಿ, ಅದಕ್ಕೆ ಇನ್ನೊಂದು ಅಲಾರಂ.

ನಾಲ್ಕು, ಪ್ರತಿ ತಿಂಗಳ 9ನೇ ತಾರೀಕು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ 2016ರಿಂದ ಆ ದಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ. ನಿಮಗೆ ಬೇಡದಿದ್ದರೆ ನಿಮ್ಮ ಮನೆಗೆ ಕೆಲಸಕ್ಕೆ ಬರೋರಿಗೆ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಮನೆಯವರಿಗೆ ಬೇಕಾಗಬಹುದು. ಆ ದಿನ ಅವರಿಗೆ ರಜ ಕೊಡಿ, ಸಂಬಳ ಹಿಡೀಬೇಡಿ.

ಐದು, ಆಗೋದಾದರೆ ಮನೆಗೊಂದು ಬಿಪಿ ಮೆಷಿನ್. ತೋಳಿಗೆ ಕಟ್ಟೋದು ಒಳ್ಳೇದು. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಸುಮ್ಮನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆ ಮಟ್ಟಕ್ಕೆ ಇಟ್ಟು ನೋಡಿ. 140/90 ಮುಟ್ಟಿದರೆ ಅವತ್ತೇ ಡಾಕ್ಟರಿಗೆ ಫೋನ್. 160/110 ಆದರೆ ಫೋನಲ್ಲ, ಸೀದಾ ಆಸ್ಪತ್ರೆ. ಹಾಗೇ, ಮಗು ಒದೆಯೋದು ಕಮ್ಮಿಯಾದರೆ, ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ ಯಾವ ಆ್ಯಪ್ಪೂ ತೆಗೀಬೇಡಿ, ಹೊರಡಿ.

ಆರು, ಗಂಡಂದಿರಿಗೆ. ನೀವು ಆಫೀಸಲ್ಲಿ ಡ್ಯಾಶ್‌ಬೋರ್ಡ್ ನೋಡ್ತೀರಲ್ಲ, ಹೆಂಡತಿಯ ಅಪಾಯದ ಲಕ್ಷಣಗಳೂ ನಿಮಗೆ ಬಾಯಿಪಾಠ ಇರಲಿ. ನಮ್ಮ ಮನೆಯವರು 'ಅವಳೇ ಎಲ್ಲಾ ಓದ್ಕೊಂಡಿದಾಳೆ' ಅಂತ ಸುಮ್ಮನಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಎದುರು ಶೆಡ್‌ನಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂತು ಕೇಳಿದ್ದರು.

ಆ ದನಿಯ ಹಿಂದಿನವರು

ಮಗಳಿಗೆ ಲಸಿಕೆ ಹಾಕಿಸೋಕೆ ಹೋದಾಗ ಆಶಾ ಅವರನ್ನು ನೋಡಿದೆ. ನಲವತ್ತು ದಾಟಿದವರು, ಗುಲಾಬಿ ಸೀರೆ, ಕೈಯಲ್ಲಿ ರಿಜಿಸ್ಟರ್. ವಾಯ್ಸ್ ಮೆಸೇಜ್ ಕಳಿಸಿ ಅಂತ ನಿಮಗೆ ಯಾರು ಹೇಳಿಕೊಟ್ಟರು ಅಂದೆ. 'ಯಾರೂ ಹೇಳ್ಲಿಲ್ಲಮ್ಮ. ಎಲ್ಲಾ ಮನೆಗೂ ವಾರ ವಾರ ಹೋಗಕ್ಕೆ ಆಗಲ್ಲ, ಬಿಲ್ಡಿಂಗ್ ಕೆಲಸದೋರು ಹಗಲು ಸಿಗಲ್ಲ, ಬರೆದು ಹಾಕಿದ್ರೆ ಓದಲ್ಲ. ಅಡುಗೆ ಮಾಡ್ತಾ ಮಾತಾಡಿ ಕಳಿಸ್ಬಿಡ್ತೀನಿ' ಅಂದರು.

ಆ ಕುಕ್ಕರ್ ಕೂಗು ಎಲ್ಲಿಂದ ಬಂತು ಅಂತ ಆಗ ಗೊತ್ತಾಯ್ತು.

2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಚಳಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಕೂತು ತಿಂಗಳಿಗೆ 15,000 ರೂಪಾಯಿ ಗೌರವಧನ ಕೇಳಿದ್ದರು. ಆಗ ಆ ಸುದ್ದಿಯನ್ನು ನಾನು ಸ್ಕ್ರಾಲ್ ಮಾಡಿ ಮುಂದೆ ಹೋಗಿದ್ದೆ. ಗರ್ಭಿಣಿಯರ ಆ್ಯಪ್‌ಗಳ ಪ್ರೀಮಿಯಂ ಪ್ಲಾನ್‌ಗೆ ಮಾತ್ರ ಯೋಚಿಸದೆ ದುಡ್ಡು ಕಟ್ಟಿದ್ದೆ.

ಅವರ ಇನ್ನೊಂದು ಮಾತು ತಲೆಯಲ್ಲಿ ಉಳಿದಿದೆ. 'ನಿಮ್ಮೆದುರು ಇದ್ದಳಲ್ಲ, ಆ ಹುಡುಗಿ ನಂಬರ್ ಇದ್ಯಾ? ಈಗ ಫೋನ್ ಹೋಗ್ತಿಲ್ಲ.'

ಎದುರು ಮನೆ ಕೆಲಸ ಮುಗಿದಿತ್ತು. ಶೆಡ್ ಕಿತ್ತಿದ್ದರು. ಗಂಡ ಬೇರೆ ಸೈಟಿಗೆ ಹೋಗಿ ಸಿಮ್ ಬದಲಾಯಿಸಿದ್ದ. ಅವಳು ಹೆರಿಗೆಗೆ ತವರಿಗೆ ಹೋಗಿದ್ದಳು. ನಂಬರ್ ಹೋಯಿತು ಅಂದರೆ ಮೆಸೇಜ್ ಹೋಯಿತು, ಆಶಾಗೆ ಅವಳ ಸುಳಿವೂ ಹೋಯಿತು. ನಂಬರನ್ನೇ ನಂಬಿಕೊಂಡ ಯಾವ ವ್ಯವಸ್ಥೆಗೂ ಊರಿಂದೂರಿಗೆ ದುಡಿಯೋಕೆ ಹೋಗೋರನ್ನು ಹಿಡಿದಿಟ್ಟುಕೊಳ್ಳೋದು ಕಷ್ಟ. ನಾನು ಎರಡು ವಾರ ಹಳೇ ನಂಬರಿಗೆ ಫೋನ್ ಮಾಡ್ತಾನೇ ಇದ್ದೆ. ಸ್ವಿಚ್ ಆಫ್.

ಹೋದ ತಿಂಗಳು ಒಂದು ಸಂಜೆ ಗೊತ್ತಿಲ್ಲದ ನಂಬರಿಂದ ಕಾಲ್ ಬಂತು. ಮೀಟಿಂಗ್‌ನಲ್ಲಿದ್ದೆ, ಆದರೂ ಎತ್ತಿದೆ.

'ಅಕ್ಕಾರ, ನಾನ್ರೀ. ನಮ್ಮಕ್ಕನ ಫೋನ್ ಇದು. ಗಂಡು ಹುಟ್ಟ್ಯಾದ್ರಿ. ನಿಮ್ ಕೂಸು ಹೆಂಗೈತ್ರಿ?'

ನನ್ನ ನಂಬರ್ ಎಲ್ಲಿ ಸಿಕ್ತು ನಿನಗೆ ಅಂತ ಕೇಳಿದೆ. ಊರಿಗೆ ಹೊರಡೋ ಹಿಂದಿನ ದಿನ ಅವಳೇ ತಂದು ಕೊಟ್ಟು ನನ್ನ ಕೈಯಲ್ಲಿ ಬರೆಸಿಕೊಂಡಿದ್ದಳಂತೆ, ನಾನು ಮರೆತೇಬಿಟ್ಟಿದ್ದೆ. ತಾಯಿ ಕಾರ್ಡಿನ ಹಿಂದೆ, ಪೆನ್ನಿನಲ್ಲಿ.

ಅವಳ ಅಕ್ಕನ ನಂಬರನ್ನು ಅವತ್ತೇ ಆಶಾ ಅವರಿಗೆ ಕಳಿಸಿದೆ.